ಫಾಲೋವರ್ಸ್ ಎಷ್ಟು ಅನ್ನೋದು ಬಿಡಿ, ಗಿರಾಕಿ ಎಲ್ಲಿಂದ ಬಂದರು ಹೇಳಿ: ಸೋಷಿಯಲ್ ಮೀಡಿಯಾ ಲೆಕ್ಕದ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಈಗ ಪೇಜ್ ಇಲ್ಲದ ಅಂಗಡಿ ಹುಡುಕೋದೇ ಕಷ್ಟ. ಬೆಣ್ಣೆ ದೋಸೆ ಹೋಟೆಲಿಗೆ ರೀಲ್ಸ್, ಮಂಡಿಪೇಟೆಯ ಬಟ್ಟೆ ಅಂಗಡಿಗೆ ಫೇಸ್‌ಬುಕ್, ವಿದ್ಯಾನಗರದಲ್ಲಿ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವವರಿಗೆ ಇನ್‌ಸ್ಟಾಗ್ರಾಂ, ಟ್ಯೂಷನ್ ಮೇಷ್ಟ್ರಿಗೆ ಯೂಟ್ಯೂಬ್. ಆದರೆ "ಹೆಂಗೆ ನಡೀತಿದೆ?" ಅಂತ ಕೇಳಿದರೆ ಎಲ್ಲರೂ ಹೇಳೋದು ಒಂದೇ ಸಂಖ್ಯೆ: ಫಾಲೋವರ್ಸ್. ಸರಿ, ಫಾಲೋವರ್ಸ್ ಇದ್ದಾರೆ. ಅವರಲ್ಲಿ ಎಷ್ಟು ಜನ ನಮ್ಮ ಊರಿನವರು? ಎಷ್ಟು ಜನ ಫೋನ್ ಮಾಡಿದರು? ಎಷ್ಟು ಜನ ವಿಡಿಯೊ ಕೊನೆವರೆಗೆ ನೋಡಿದರು? ಅಲ್ಲಿಗೆ ಮಾತು ನಿಂತುಬಿಡುತ್ತದೆ.

ಇದಕ್ಕೆಲ್ಲ ಉತ್ತರ ಕೊಡುವ ಸಾಧನಗಳು ನಿಮ್ಮ ಫೋನಿನಲ್ಲೇ ಇವೆ. ಬಹುತೇಕ ಎಲ್ಲವೂ ಉಚಿತ. ತೊಂದರೆ ಇರೋದು ಇನ್ನೊಂದು ಕಡೆ. ಆ್ಯಪ್‌ಗಳು ಮೊದಲು ತೋರಿಸುವ ಸಂಖ್ಯೆಗಳು ನಿಮ್ಮನ್ನು ಮತ್ತೆ ಮತ್ತೆ ಆ್ಯಪ್ ತೆರೆಯುವಂತೆ ಮಾಡುವ ಸಂಖ್ಯೆಗಳು. ನಿಮಗೆ ಬೇಕಾದ ಸಂಖ್ಯೆಗಳು ಎರಡು ಮೂರು ಪರದೆ ಒಳಗೆ ಕೂತಿರುತ್ತವೆ. ಅಲ್ಲಿಗೆ ಹೋಗುವ ದಾರಿ, ಹೋದಮೇಲೆ ಏನು ನೋಡಬೇಕು, ಯಾವುದನ್ನು ನಂಬಬಾರದು, ಇಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ ಬರೆದುಕೊಳ್ಳಿ

ಯಾವ ಟೂಲನ್ನೂ ತೆರೆಯುವ ಮುಂಚೆ ಒಂದು ನೋಟ್‌ಬುಕ್ ತಗೊಂಡು ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ನನ್ನ ಪೇಜ್ ಬೆಳೀತಿದೆಯಾ?" ಅನ್ನೋದು ಪ್ರಶ್ನೆಯೇ ಅಲ್ಲ, ಅದಕ್ಕೆ ಯಾವ ಟೂಲೂ ಉತ್ತರ ಕೊಡಲ್ಲ. "ರೀಲ್ ನೋಡಿ ಚಟ್ನಿಪುಡಿ ಆರ್ಡರ್ ಮಾಡಿದವರು ಎಷ್ಟು?" ಅನ್ನೋದು ಪ್ರಶ್ನೆ. "ಹತ್ತನೇ ಕ್ಲಾಸಿನ ಗಣಿತದ ವಿಡಿಯೊ ಯಾವ ನಿಮಿಷದಲ್ಲಿ ಹುಡುಗರು ಬಿಟ್ಟು ಹೋಗುತ್ತಾರೆ?" ಅನ್ನೋದು ಇನ್ನೂ ಒಳ್ಳೆ ಪ್ರಶ್ನೆ. ಮಾರೋಕೆ ಏನೂ ಇಲ್ಲ, ಸುಮ್ನೆ ನೋಡುವವರು ನೀವು ಅಂತಾದರೆ "ದಿನಕ್ಕೆ ಎಷ್ಟು ಹೊತ್ತು ಇದರಲ್ಲಿ ಹೋಗುತ್ತಿದೆ?" ಅಂತ ಬರೆಯಿರಿ. ಅದಕ್ಕೂ ಕೆಳಗೆ ದಾರಿ ಇದೆ.

ಪ್ರಶ್ನೆ ಒಂದೇ ಇರಲಿ. ಅದಕ್ಕೆ ಬೇಕಾದ ಮೂರ್ನಾಲ್ಕು ಸಂಖ್ಯೆ ಬಿಟ್ಟರೆ ಉಳಿದದ್ದನ್ನು ನೋಡಲೇಬೇಡಿ.

ಇನ್‌ಸ್ಟಾಗ್ರಾಂ: ಮೊದಲು ಅಕೌಂಟ್ ಬದಲಿಸಿ

ಸಾದಾ ಪರ್ಸನಲ್ ಅಕೌಂಟಿನಲ್ಲಿ ಇನ್‌ಸೈಟ್ಸ್, ಅಂದರೆ ಪೋಸ್ಟ್‌ಗಳನ್ನು ಎಷ್ಟು ಜನ ನೋಡಿದರು ಅನ್ನುವ ಥರದ ಲೆಕ್ಕ, ಪೂರ್ತಿ ಸಿಗಲ್ಲ. ಪ್ರೊಫೈಲ್‌ಗೆ ಹೋಗಿ, ಮೇಲಿನ ಮೂರು ಗೆರೆ ಒತ್ತಿ, ಕೆಳಗೆ ಇಳಿದು ಅಕೌಂಟ್ ಟೈಪ್ ಅಂಡ್ ಟೂಲ್ಸ್ ಹುಡುಕಿ. ಅಲ್ಲಿ ಸ್ವಿಚ್ ಟು ಪ್ರೊಫೆಷನಲ್ ಅಕೌಂಟ್ ಅಂತ ಇರುತ್ತದೆ. ದುಡ್ಡೇನೂ ಕೊಡಬೇಕಾಗಿಲ್ಲ. ಆಮೇಲೆ ಕ್ರಿಯೇಟರ್ ಬೇಕಾ, ಬಿಸಿನೆಸ್ ಬೇಕಾ ಅಂತ ಕೇಳುತ್ತದೆ. ಬಿಸಿನೆಸ್ ಅಕೌಂಟಿನಲ್ಲಿ ರೀಲ್ಸ್‌ಗೆ ಸಿಗುವ ಹಾಡುಗಳು ಕಡಿಮೆ, ಸಿನಿಮಾ ಹಾಡು ಹಾಕಿ ರೀಲ್ಸ್ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ಹಾಡು ಮುಖ್ಯ ಅಂದರೆ ಕ್ರಿಯೇಟರ್ ಆರಿಸಿ.

ಇಲ್ಲಿ ಎರಡು ವಿಷಯ ಗೊತ್ತಿರಲಿ. ಪ್ರೊಫೆಷನಲ್ ಅಕೌಂಟನ್ನು ಪ್ರೈವೇಟ್ ಮಾಡೋಕೆ ಆಗಲ್ಲ, ಹಾಗಾಗಿ ಮನೆಯವರ ಫೋಟೊ ಹಾಕುವ ಅಕೌಂಟ್ ಬೇರೆ, ವ್ಯಾಪಾರದ್ದು ಬೇರೆ ಇಟ್ಟುಕೊಳ್ಳಿ. ಇನ್ನೊಂದು, ಬದಲಿಸಿದ ಮೇಲೆ ಹಾಕಿದ ಪೋಸ್ಟ್‌ಗಳಿಗೆ ಮಾತ್ರ ಲೆಕ್ಕ ಸಿಗುತ್ತದೆ. ಹಳೇ ಪೋಸ್ಟಿನ ಇತಿಹಾಸ ಹಿಂದಕ್ಕೆ ಹೋಗಿ ಬರಲ್ಲ. ಆದ್ದರಿಂದ ಮುಂದೆ ಯಾವಾಗಾದರೂ ಬೇಕಾಗಬಹುದು ಅನ್ನಿಸಿದರೂ ಇವತ್ತೇ ಬದಲಿಸಿ. ನಿಮ್ಮನ್ನು ಫಾಲೋ ಮಾಡುವವರ ಊರು, ವಯಸ್ಸಿನ ವಿವರ ನೋಡಬೇಕಾದರೆ ಕನಿಷ್ಠ 100 ಫಾಲೋವರ್ಸ್ ಇರಬೇಕು.

ಈಗ ಇನ್‌ಸೈಟ್ಸ್ ತೆರೆಯಿರಿ. ಮೊದಲು ಕಾಣೋದು ವ್ಯೂಸ್. 2024ರಿಂದ ಇನ್‌ಸ್ಟಾಗ್ರಾಂ ಫೋಟೊ, ರೀಲ್, ಸ್ಟೋರಿ ಎಲ್ಲಕ್ಕೂ ವ್ಯೂಸ್ ಅನ್ನೋದನ್ನೇ ಮುಖ್ಯ ಅಳತೆ ಮಾಡಿದೆ. ಒಬ್ಬರೇ ನಾಲ್ಕು ಸಲ ನೋಡಿದರೆ ವ್ಯೂಸ್ ನಾಲ್ಕು. ರೀಚ್ ಮಾತ್ರ ಒಂದೇ, ಯಾಕೆಂದರೆ ರೀಚ್ ಅಕೌಂಟ್‌ಗಳನ್ನು ಎಣಿಸುತ್ತದೆ. ಆ ಅಕೌಂಟ್‌ಗಳೂ ರಾಂ ಅಂಡ್ ಕೋ ಸರ್ಕಲ್‌ನಲ್ಲಿ ಹೋಟೆಲ್ ಮುಂದೆ ಹಾದು ಹೋದ ಜನರ ಹಾಗೆ, ಒಳಗೆ ಬಂದು ಕೂತವರಲ್ಲ. ಒಳಗೆ ಬಂದವರು ಗೊತ್ತಾಗಬೇಕಾದರೆ ಸೇವ್ ಮತ್ತು ಶೇರ್ ನೋಡಬೇಕು.

ಲೈಕ್ ಹಾಕೋಕೆ ಯೋಚನೆ ಬೇಕಿಲ್ಲ, ಬೆರಳು ತಾನಾಗೇ ಎರಡು ಸಲ ತಟ್ಟುತ್ತದೆ. ಸೇವ್ ಮಾಡುವವರು ಮತ್ತೆ ಬರುತ್ತೇನೆ ಅಂದುಕೊಂಡವರು. ಶೇರ್ ಮಾಡುವವರು ಅಕ್ಕನಿಗೋ ಸ್ನೇಹಿತನಿಗೋ "ನೋಡು ಇದು" ಅಂತ ಕಳಿಸಿದವರು. ಒಂದು ಲೆಕ್ಕ ಮಾಡಿ ನೋಡೋಣ. ಎರಡು ರೀಲ್ ಇವೆ ಅಂದುಕೊಳ್ಳಿ. ಒಂದು ಗಾಜಿನ ಮನೆಯ ರಾತ್ರಿ ದೀಪದ್ದು, ಹಾಡು ಹಾಕಿ ಮಾಡಿದ್ದು. ರೀಚ್ 20,000, ಲೈಕ್ 600, ಕಾಮೆಂಟ್ 20, ಸೇವ್ 30, ಶೇರ್ 50. ಇನ್ನೊಂದು ಶೇಂಗಾ ಚಟ್ನಿಪುಡಿ ತಿಂಗಳುಗಟ್ಟಲೆ ಕೆಡದಂತೆ ಹುರಿಯೋದು ಹೇಗೆ ಅಂತ ತೋರಿಸಿದ್ದು. ರೀಚ್ 1,500, ಲೈಕ್ 90, ಕಾಮೆಂಟ್ 15, ಸೇವ್ 60, ಶೇರ್ 45. ಎಲ್ಲ ಕೂಡಿಸಿ ರೀಚ್‌ನಿಂದ ಭಾಗಿಸಿ ನೂರರಿಂದ ಗುಣಿಸಿ. ಗಾಜಿನ ಮನೆಗೆ 700 ಭಾಗಿಸು 20,000, ಅಂದರೆ ಶೇ 3.5. ಚಟ್ನಿಪುಡಿಗೆ 210 ಭಾಗಿಸು 1,500, ಅಂದರೆ ಶೇ 14. ಇದಕ್ಕೆ ಎಂಗೇಜ್‌ಮೆಂಟ್ ರೇಟ್ ಅನ್ನುತ್ತಾರೆ. ನೀವು ಮಾರೋದು ಚಟ್ನಿಪುಡಿ ಅಂತಾದರೆ ಮುಂದಿನ ರೀಲ್ ಯಾವುದರ ಬಗ್ಗೆ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಎಚ್ಚರಿಕೆ ಒಂದಿದೆ. ಎಂಗೇಜ್‌ಮೆಂಟ್ ರೇಟನ್ನು ಕೆಲವರು ರೀಚ್‌ನಿಂದ ಭಾಗಿಸುತ್ತಾರೆ, ಕೆಲವರು ಫಾಲೋವರ್ಸ್‌ನಿಂದ, ಇನ್ನು ಕೆಲವರು ವ್ಯೂಸ್‌ನಿಂದ. ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ಯಾರಾದರೂ "ನಮ್ಮದು ಶೇ 9" ಅಂದರೆ ಯಾವುದರಿಂದ ಭಾಗಿಸಿದಿರಿ ಅಂತ ಕೇಳಿ. ನಿಮ್ಮ ಲೆಕ್ಕಕ್ಕೆ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಆಮೇಲೆ ಫಾಲೋವರ್ಸ್ ಭಾಗದಲ್ಲಿ ಟಾಪ್ ಸಿಟೀಸ್ ತೆರೆಯಿರಿ. ಊರಿನ ಅಂಗಡಿಗೆ ಇದಕ್ಕಿಂತ ಮುಖ್ಯ ಪರದೆ ಇನ್ನೊಂದಿಲ್ಲ. ಬೆಣ್ಣೆ ದೋಸೆ ವಿಡಿಯೊ ಹಾಕಿದರೆ ಬೆಂಗಳೂರಿನಲ್ಲಿರುವ ದಾವಣಗೆರೆಯವರೆಲ್ಲ ಊರು ನೆನೆಸಿಕೊಂಡು ಲೈಕ್ ಹಾಕುತ್ತಾರೆ. ಖುಷಿಯೇ. ಆದರೆ ಅವರು ಇವತ್ತು ಸಂಜೆ ದೋಸೆ ತಿನ್ನೋಕೆ ಬರಲ್ಲ. ಕೊರಿಯರ್‌ನಲ್ಲಿ ಕಳಿಸಬಹುದಾದ ವಸ್ತು ಮಾರುವವರಿಗೆ ಅದೇ ಬೆಂಗಳೂರು ಬಂಗಾರ. ಹೋಟೆಲಿಗೆ ದಾವಣಗೆರೆ, ಹರಿಹರ, ಚಿತ್ರದುರ್ಗ, ರಾಣೆಬೆನ್ನೂರು ಕಾಣಿಸಬೇಕು. ಕಾಣಿಸದಿದ್ದರೆ ರೀಲ್ ಎಷ್ಟೇ ಓಡಿದ್ದರೂ ಅದು ನಿಮ್ಮ ಗಿರಾಕಿಯ ಮುಂದೆ ಓಡಿಲ್ಲ. ಇಲ್ಲಿ ಊರಿನ ಲೆಕ್ಕ ಅಂದಾಜಿನದ್ದು ಅನ್ನೋದೂ ನೆನಪಿರಲಿ. ಒಂದೆರಡು ಶೇಕಡಾ ಆಚೀಚೆಗೆ ತಲೆ ಕೆಡಿಸಿಕೊಳ್ಳಬೇಡಿ.

ಅಲ್ಲೇ ಕೆಳಗೆ ನಿಮ್ಮ ಫಾಲೋವರ್ಸ್ ಯಾವ ಹೊತ್ತಿನಲ್ಲಿ ಜಾಸ್ತಿ ಇರುತ್ತಾರೆ ಅಂತಲೂ ಇದೆ. ಇದನ್ನು ಒಂದು ಸಲ ನೋಡಿ, ಪೋಸ್ಟ್ ಹಾಕುವ ಸಮಯ ನಿಗದಿ ಮಾಡಿ, ಮರೆತುಬಿಡಿ. ದಿನಾ ನೋಡುವಂಥದ್ದೇನಿಲ್ಲ.

ಫೇಸ್‌ಬುಕ್: ಬೇಗ ಮುಗಿಸೋಣ

ಫೇಸ್‌ಬುಕ್ ಪೇಜ್ ಮತ್ತು ಇನ್‌ಸ್ಟಾಗ್ರಾಂ ಎರಡೂ ಇದ್ದರೆ, ಎರಡನ್ನೂ ನಡೆಸುವ ಮೆಟಾ ಕಂಪನಿಯದೇ ಆದ ಮೆಟಾ ಬಿಸಿನೆಸ್ ಸೂಟ್ ಸಾಕು. ಉಚಿತ. ಎರಡರ ಲೆಕ್ಕವೂ ಒಂದೇ ಕಡೆ ಸಿಗುತ್ತದೆ, ದಿನಾಂಕ ಹಾಕಿ ಹಿಂದಿನ ತಿಂಗಳ ಜೊತೆ ಹೋಲಿಸಬಹುದು. ಕಂಪ್ಯೂಟರಿನಲ್ಲಿ ತೆರೆದರೆ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತೆರೆಯುವ ಫೈಲಾಗಿ ಇಳಿಸಿಕೊಳ್ಳಲೂಬಹುದು. ಪೇಜ್ ಇಲ್ಲದೆ ಪ್ರೊಫೈಲ್‌ನಲ್ಲೇ ಬರೆಯುವವರು ಪ್ರೊಫೆಷನಲ್ ಮೋಡ್ ಆನ್ ಮಾಡಿದರೆ ಅವರಿಗೂ ಡ್ಯಾಶ್‌ಬೋರ್ಡ್ ಸಿಗುತ್ತದೆ.

ಹಳೇ ವಿಡಿಯೊ ಪಾಠಗಳನ್ನು ನೋಡಿ ಹುಡುಕಾಡಬೇಡಿ. ಫೇಸ್‌ಬುಕ್ ಅನಲಿಟಿಕ್ಸ್ ಅನ್ನೋದು 2021ರಲ್ಲೇ ಮುಚ್ಚಿತು. ಪತ್ರಕರ್ತರು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ಕ್ಕೆ ಮುಚ್ಚಿತು. ಈ ಎರಡರ ಹೆಸರು ಹೇಳುವ ಪಾಠ ಕಂಡರೆ ಅಲ್ಲಿಗೇ ಬಿಡಿ, ಅದರಲ್ಲಿನ ಮೆನುಗಳು ಈಗ ಹಾಗಿಲ್ಲ.

ಎಕ್ಸ್ (ಹಿಂದಿನ ಟ್ವಿಟರ್) ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಡಿಸೆಂಬರ್‌ನಿಂದ ಪ್ರತಿ ಪೋಸ್ಟ್ ಕೆಳಗೆ ವ್ಯೂ ಸಂಖ್ಯೆ ಕಾಣುತ್ತದೆ, ಅದು ಉಚಿತ. ಪೂರ್ತಿ ಅನಲಿಟಿಕ್ಸ್‌ಗೆ ದುಡ್ಡು ಕೊಟ್ಟು ಪ್ರೀಮಿಯಂ ತಗೋಬೇಕು. ದಾವಣಗೆರೆಯ ಅಂಗಡಿಗೆ ಅದರ ಅಗತ್ಯ ನನಗಂತೂ ಕಂಡಿಲ್ಲ.

ಯೂಟ್ಯೂಬ್ ಸ್ಟುಡಿಯೊ: ಇಲ್ಲಿ ಸ್ವಲ್ಪ ಹೊತ್ತು ಕೂರಿ

ಉಚಿತ ಸಾಧನಗಳಲ್ಲಿ ಇದರಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಪ್ಲೇಸ್ಟೋರ್‌ನಿಂದ ಯೂಟ್ಯೂಬ್ ಸ್ಟುಡಿಯೊ ಆ್ಯಪ್ ಹಾಕಿಕೊಳ್ಳಿ, ಸಾಧ್ಯವಾದರೆ ಕಂಪ್ಯೂಟರಿನಲ್ಲಿ ನೋಡಿ. ಅನಲಿಟಿಕ್ಸ್‌ನಲ್ಲಿ ಓವರ್‌ವ್ಯೂ, ಕಂಟೆಂಟ್, ಆಡಿಯನ್ಸ್ ಅಂತ ಭಾಗಗಳಿರುತ್ತವೆ. ಓವರ್‌ವ್ಯೂನಲ್ಲಿ ಮೇಲೇರುವ ಗೆರೆ ನೋಡಿ ಖುಷಿಪಟ್ಟು ವಾಪಸ್ ಬರುವವರೇ ಜಾಸ್ತಿ. ನಾವು ಒಂದು ವಿಡಿಯೊ ಆರಿಸಿ ಅದರ ಒಳಗೆ ಹೋಗೋಣ.

ಒಂದನೆಯದು, ಇಂಪ್ರೆಷನ್ಸ್ ಮತ್ತು ಕ್ಲಿಕ್ ಥ್ರೂ ರೇಟ್. ನಿಮ್ಮ ತಂಬ್‌ನೇಲ್‌ನ (ವಿಡಿಯೊ ತೆರೆಯುವ ಮುಂಚೆ ಕಾಣುವ ಚಿತ್ರದ) ಅರ್ಧ ಭಾಗವಾದರೂ ಪರದೆ ಮೇಲೆ ಒಂದು ಸೆಕೆಂಡಿಗಿಂತ ಜಾಸ್ತಿ ಕಂಡರೆ ಒಂದು ಇಂಪ್ರೆಷನ್. ಕಂಡವರಲ್ಲಿ ನೂರಕ್ಕೆ ಎಷ್ಟು ಜನ ಒತ್ತಿದರು ಅನ್ನೋದು ಕ್ಲಿಕ್ ಥ್ರೂ ರೇಟ್. ಯೂಟ್ಯೂಬ್ ತಾನೇ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್, ವಿಡಿಯೊಗಳಿಗೆ ಇದು ಶೇ 2ರಿಂದ 10ರ ನಡುವೆ ಇರುತ್ತದೆ. ನಿಮ್ಮದು ಶೇ 4 ಇದ್ದರೆ ಗಾಬರಿ ಬೇಡ. ವಿಡಿಯೊ ಹೊಸಬರಿಗೆ ಹೋಗುತ್ತಾ ಹೋದಂತೆ ಈ ರೇಟ್ ಇಳಿಯೋದು ಸಹಜ, ಮೊದಲ ದಿನ ನೋಡುವವರು ನಿಮ್ಮನ್ನು ಬಲ್ಲವರೇ ಆಗಿರುತ್ತಾರಲ್ಲ.

ಎರಡನೆಯದು ರಿಟೆನ್ಷನ್ ಗ್ರಾಫ್. ವಿಡಿಯೊ ಶುರುವಿನಿಂದ ಕೊನೆವರೆಗೆ ಎಷ್ಟು ಜನ ಉಳಿದರು ಅಂತ ಒಂದು ಗೆರೆ ತೋರಿಸುತ್ತದೆ. ಇದನ್ನು ಓದೋದು ಕಲಿತರೆ ಅರ್ಧ ಕೆಲಸ ಆಯಿತು. ಪರಿಚಯದ ಹುಡುಗನೊಬ್ಬ ಮಂಡಕ್ಕಿ ಮಿರ್ಚಿ ಅಂಗಡಿಗಳ ವಿಡಿಯೊ ಮಾಡುತ್ತಾನೆ. ಅವನ ಗ್ರಾಫ್ ನೋಡಿದರೆ ಶುರುವಿನಲ್ಲೇ ಗೆರೆ ಜಾರಿ ಬಿದ್ದಿತ್ತು. ಅಲ್ಲಿ ಏನಿತ್ತು ಅಂತ ವಿಡಿಯೊ ಓಡಿಸಿ ನೋಡಿದರೆ, ಮೊದಲು ಚಾನೆಲ್ ಲೋಗೊ ತಿರುಗುತ್ತದೆ, ಆಮೇಲೆ ಕುಂದುವಾಡ ಕೆರೆ ಮೇಲೆ ಡ್ರೋನ್ ಹಾರುತ್ತದೆ, ಆಮೇಲೆ ಸಬ್‌ಸ್ಕ್ರೈಬ್ ಮಾಡಿ ಅಂತ ಕೇಳುತ್ತಾನೆ, ಮಿರ್ಚಿ ಎಣ್ಣೆಗೆ ಬೀಳುವ ಹೊತ್ತಿಗೆ ನೋಡೋಕೆ ಬಂದವರಲ್ಲಿ ಬಹಳ ಜನ ಎದ್ದು ಹೋಗಿದ್ದರು. ಅದೇ ಗ್ರಾಫಿನಲ್ಲಿ ಮುಂದೆ ಒಂದು ಸಣ್ಣ ಗುಡ್ಡ ಇತ್ತು. ಅಂಗಡಿಯವರು ಮಂಡಕ್ಕಿಗೆ ಹಾಕುವ ಖಾರದ ಪುಡಿಯಲ್ಲಿ ಏನೇನಿದೆ ಅಂತ ಹೇಳುವ ಜಾಗ ಅದು. ಜನ ಹಿಂದಕ್ಕೆ ಹೋಗಿ ಮತ್ತೆ ಕೇಳಿಸಿಕೊಂಡಿದ್ದರು. ಗುಡ್ಡ ಅಂದರೆ ಮತ್ತೆ ನೋಡಿದ ಜಾಗ, ಗುಂಡಿ ಅಂದರೆ ಹಾರಿಸಿದ ಜಾಗ. ಮುಂದಿನ ವಿಡಿಯೊ ಅವನು ಎಣ್ಣೆ ಬಾಣಲೆಯಿಂದಲೇ ಶುರು ಮಾಡಿದ.

ಸ್ಟುಡಿಯೊ 30 ಸೆಕೆಂಡಿನ ಹೊತ್ತಿಗೆ ನೂರಕ್ಕೆ ಎಷ್ಟು ಜನ ಉಳಿದಿದ್ದರು ಅಂತಲೂ ಹೇಳುತ್ತದೆ. ಆ ಒಂದು ಸಂಖ್ಯೆಯನ್ನು ಪ್ರತಿ ವಿಡಿಯೊಗೂ ಬರೆದಿಡಿ.

ಮೂರನೆಯದು ಟ್ರಾಫಿಕ್ ಸೋರ್ಸ್. ನೋಡುಗರು ಹೋಮ್ ಪರದೆಯಿಂದ ಬಂದರಾ, ಪಕ್ಕದ ವಿಡಿಯೊದಿಂದ ಬಂದರಾ, ಹುಡುಕಿ ಬಂದರಾ, ವಾಟ್ಸಾಪ್ ಥರದ ಹೊರಗಿನ ಜಾಗದಿಂದ ಬಂದರಾ ಅಂತ ತೋರಿಸುತ್ತದೆ. ಯೂಟ್ಯೂಬ್ ಸರ್ಚ್ ಮೇಲೆ ಒತ್ತಿದರೆ ಜನ ಟೈಪ್ ಮಾಡಿದ ಪದಗಳೇ ಸಿಗುತ್ತವೆ. ಇದು ನಿಜವಾಗಿ ಚಿನ್ನದಂಥ ಪಟ್ಟಿ. ನಮ್ಮವರಲ್ಲಿ ಅನೇಕರು ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಸ್ಪೆಲ್ಲಿಂಗ್‌ನಲ್ಲಿ ಟೈಪ್ ಮಾಡುತ್ತಾರೆ. ದಾವಣಗೆರೆಯನ್ನೇ ಒಬ್ಬರು ಒಂದೊಂದು ಥರ ಬರೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಯಾವ ಸ್ಪೆಲ್ಲಿಂಗ್ ಇದೆಯೋ ಅದನ್ನು ವಿಡಿಯೊದ ವಿವರಣೆಯಲ್ಲಿ ಸೇರಿಸಿ, ಟೈಟಲ್ ಕನ್ನಡ ಲಿಪಿಯಲ್ಲೇ ಇರಲಿ.

ಯಾವ ವಿಷಯದ ಹುಡುಕಾಟ ಏರುತ್ತಿದೆ, ಯಾವುದು ಇಳಿಯುತ್ತಿದೆ ಅಂತ ತಿಳಿಯೋಕೆ ಗೂಗಲ್ ಟ್ರೆಂಡ್ಸ್ ಇದೆ. ಎರಡು ಪದ ಹಾಕಿ, ಜಾಗ ಕರ್ನಾಟಕ ಅಂತ ಆರಿಸಿ. ಅಲ್ಲಿ ಕಾಣುವ 100 ಅಂದರೆ ನೂರು ಸಲ ಹುಡುಕಿದರು ಅಂತ ಅಲ್ಲ. ಆ ಅವಧಿಯಲ್ಲಿ ಅತಿ ಹೆಚ್ಚು ಹುಡುಕಾಟ ನಡೆದ ಹೊತ್ತನ್ನು 100 ಅಂತ ಇಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ.

ಶಾರ್ಟ್ಸ್ ಮಾಡುವವರಿಗೆ ಒಂದು ಮಾತು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ವ್ಯೂ ಎಣಿಸುವ ರೀತಿ ಬದಲಾಗಿದೆ. ಈಗ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ. ಹಳೇ ರೀತಿಯ ಎಣಿಕೆ ಎಂಗೇಜ್ಡ್ ವ್ಯೂಸ್ ಅಂತ ಬೇರೆ ಇದೆ. ಆ ದಿನಾಂಕದ ಹಿಂದಿನ ಮತ್ತು ಮುಂದಿನ ವ್ಯೂಸ್ ಹೋಲಿಸಿ "ಚಾನೆಲ್ ಎದ್ದುಬಿಟ್ಟಿದೆ" ಅಂದುಕೊಳ್ಳಬೇಡಿ. ಚಾನೆಲ್‌ನಿಂದ ಆದಾಯ ಬರಲು ಪಾರ್ಟ್ನರ್ ಪ್ರೋಗ್ರಾಂಗೆ ಲೆಕ್ಕಕ್ಕೆ ಬರೋದೂ ಎಂಗೇಜ್ಡ್ ವ್ಯೂಸೇ.

ವಾಟ್ಸಾಪ್: ವ್ಯಾಪಾರ ನಡೆಯುವುದೇ ಇಲ್ಲಿ

ರೀಲ್ ನೋಡೋದು ಇನ್‌ಸ್ಟಾಗ್ರಾಂನಲ್ಲಿ, ರೇಟ್ ಕೇಳೋದು ವಾಟ್ಸಾಪ್‌ನಲ್ಲಿ. ನಮ್ಮ ಕಡೆ ಹೀಗೇ. ಆದರೆ ವಾಟ್ಸಾಪ್‌ಗೆ ಬಂದವರು ಎಲ್ಲಿಂದ ಬಂದರು ಅಂತ ಇನ್‌ಸ್ಟಾಗ್ರಾಂಗೂ ಗೊತ್ತಾಗಲ್ಲ, ವಾಟ್ಸಾಪ್ಪೂ ಹೇಳಲ್ಲ. ಇದಕ್ಕೊಂದು ಸುಲಭ ಉಪಾಯ ಇದೆ, ದುಡ್ಡಿನ ಟೂಲ್‌ಗಳಿಗಿಂತ ಇದೇ ಚೆನ್ನಾಗಿ ಕೆಲಸ ಮಾಡುತ್ತದೆ.

ಡಬ್ಲ್ಯುಎ ಡಾಟ್ ಎಂಇ ಅಂತ ಶುರುವಾಗುವ ಲಿಂಕ್ ನೋಡಿರುತ್ತೀರಿ, ಒತ್ತಿದ ಕೂಡಲೇ ಆ ನಂಬರಿನ ಚಾಟ್ ತೆರೆಯುತ್ತದೆ. ಅದನ್ನು ನೀವೇ ಮಾಡಬಹುದು. ಅಷ್ಟು ಬರೆದು ಒಂದು ಓರೆಗೆರೆ ಹಾಕಿ, 91 ಸೇರಿಸಿ ನಿಮ್ಮ ನಂಬರ್ ಬರೆಯಿರಿ. ಪ್ಲಸ್ ಚಿಹ್ನೆ ಬೇಡ, ಮುಂದೆ ಸೊನ್ನೆ ಬೇಡ. ಆಮೇಲೆ ಪ್ರಶ್ನೆ ಚಿಹ್ನೆ, ಅದಕ್ಕೆ ಅಂಟಿಸಿ ಇಂಗ್ಲಿಷ್‌ನಲ್ಲಿ ಟೆಕ್ಸ್ಟ್ ಅನ್ನುವ ಪದ, ಸಮ ಚಿಹ್ನೆ, ಕೊನೆಗೆ ಗಿರಾಕಿಯ ಚಾಟ್‌ನಲ್ಲಿ ಮೊದಲೇ ತುಂಬಿರಬೇಕಾದ ಮೆಸೇಜ್. ಒಂದೇ ಪದ ಇದ್ದರೆ ಒಳ್ಳೆಯದು, ನಡುವೆ ಜಾಗ ಬಿಟ್ಟರೆ ಲಿಂಕ್ ಮುರಿಯುತ್ತದೆ. ಇನ್‌ಸ್ಟಾಗ್ರಾಂ ಬಯೋದಲ್ಲಿ ಹಾಕುವ ಲಿಂಕಿಗೆ "ರೀಲ್" ಅಂತ, ಫೇಸ್‌ಬುಕ್ ಪೇಜಿನದಕ್ಕೆ "ಪೇಜ್" ಅಂತ, ಯೂಟ್ಯೂಬ್ ವಿವರಣೆಯದಕ್ಕೆ "ವಿಡಿಯೊ" ಅಂತ ಬೇರೆ ಬೇರೆ ಪದ ಕೊಡಿ. ಗಿರಾಕಿ ಸೆಂಡ್ ಒತ್ತಿದ ಕೂಡಲೇ ಎಲ್ಲಿಂದ ಬಂದರು ಅಂತ ಮೊದಲ ಮೆಸೇಜೇ ಹೇಳುತ್ತದೆ. ಕೆಲವರು ಆ ಪದ ಅಳಿಸಿ ಬೇರೆ ಬರೆಯುತ್ತಾರೆ, ಪರವಾಗಿಲ್ಲ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಳಸಿದರೆ ಚಾಟ್‌ಗಳಿಗೆ ಲೇಬಲ್ ಹಾಕಬಹುದು. "ರೇಟ್ ಕೇಳಿದರು", "ಆರ್ಡರ್ ಆಯಿತು", "ದುಡ್ಡು ಬಂತು" ಅಂತ ಮೂರು ಸಾಕು. ತಿಂಗಳ ಕೊನೆಗೆ ರೀಲ್‌ನಿಂದ ಬಂದವರಲ್ಲಿ ಎಷ್ಟು ಜನರ ಚಾಟ್ "ದುಡ್ಡು ಬಂತು" ಲೇಬಲ್‌ವರೆಗೆ ಬಂತು ಅಂತ ಎಣಿಸಿ. ಅದೇ ಆ್ಯಪ್‌ನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕಳಿಸಿದ, ತಲುಪಿದ, ಓದಿದ, ಬಂದ ಮೆಸೇಜ್‌ಗಳ ಒಟ್ಟು ಸಂಖ್ಯೆಯೂ ಇರುತ್ತದೆ.

ಸ್ಟೇಟಸ್ ನೋಡಿದವರ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ರೀಡ್ ರಿಸೀಟ್ (ಓದಿದ್ದು ತಿಳಿಸುವ ನೀಲಿ ಟಿಕ್) ಆಫ್ ಮಾಡಿಕೊಂಡವರು ನೋಡಿದ್ದರೂ ಪಟ್ಟಿಯಲ್ಲಿ ಕಾಣಲ್ಲ.

ಗೂಗಲ್ ಮ್ಯಾಪ್‌ನಲ್ಲಿರುವ ನಿಮ್ಮ ಅಂಗಡಿ

ಇದು ಸೋಷಿಯಲ್ ಮೀಡಿಯಾ ಅಲ್ಲ, ಆದರೂ ಬಿಡೋಕಾಗಲ್ಲ. ರೀಲ್ ನೋಡಿದವರು ಮುಂದೆ ಮಾಡೋದು ಅಂಗಡಿ ಹೆಸರು ಹುಡುಕೋದು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನಿಮ್ಮ ಅಂಗಡಿಯನ್ನು ನಿಮ್ಮದು ಅಂತ ದೃಢಪಡಿಸಿಕೊಂಡರೆ ಪರ್ಫಾರ್ಮೆನ್ಸ್ ಅನ್ನುವ ಭಾಗ ಸಿಗುತ್ತದೆ. ಎಷ್ಟು ಜನ ಕಾಲ್ ಬಟನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು, ಯಾವ ಪದ ಹುಡುಕಿ ನಿಮ್ಮನ್ನು ಕಂಡರು ಅಂತ ತಿಂಗಳ ಲೆಕ್ಕ. ದಾರಿ ಕೇಳಿದವರ ಸಂಖ್ಯೆ ಅಂಗಡಿ ಬಾಗಿಲಿಗೆ ತೀರಾ ಹತ್ತಿರದ ಸಂಖ್ಯೆ. ಹೋಟೆಲಿನವರು ಬೇರೇನೂ ನೋಡದಿದ್ದರೂ ಇದೊಂದನ್ನು ನೋಡಲಿ.

ಸ್ವಂತ ವೆಬ್‌ಸೈಟ್ ಇದ್ದವರಿಗೆ ಅಲ್ಲಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4 ಇದೆ. ಹಳೇ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ನಿಂತಿತು. ಲಿಂಕ್ ಹಂಚುವಾಗ ಅದರ ಕೊನೆಗೆ ಯುಟಿಎಂ ಅನ್ನುವ ಗುರುತಿನ ಬಾಲ ಅಂಟಿಸಿದರೆ ಯಾವ ಪೋಸ್ಟಿನಿಂದ ಬಂದರು ಅಂತ ಗೊತ್ತಾಗುತ್ತದೆ. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಅದನ್ನು ಮಾಡಿಕೊಡುತ್ತದೆ. ಎಲ್ಲವನ್ನೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಬರೆಯಿರಿ, ಒಮ್ಮೆ ದೊಡ್ಡ ಅಕ್ಷರ ಒಮ್ಮೆ ಸಣ್ಣ ಅಕ್ಷರ ಹಾಕಿದರೆ ಒಂದೇ ಇನ್‌ಸ್ಟಾಗ್ರಾಂ ಎರಡು ಸಾಲಾಗಿ ಒಡೆಯುತ್ತದೆ.

ಎಲ್ಲವನ್ನೂ ಒಂದು ಹಾಳೆಗೆ ತನ್ನಿ

ಗೂಗಲ್ ಶೀಟ್ಸ್ ಆದರೂ ಸರಿ, ಅಂಗಡಿಯ ಖಾತೆ ಪುಸ್ತಕದ ಹಿಂದಿನ ಪುಟ ಆದರೂ ಸರಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಬರೆಯಿರಿ. ಸೋಮವಾರ ಬೆಳಿಗ್ಗೆ ಅಂದರೆ ಸೋಮವಾರ ಬೆಳಿಗ್ಗೆಯೇ. ಕಾಲಂಗಳು ಇಷ್ಟಿರಲಿ: ಆ ವಾರದ ರೀಚ್, ಸೇವ್ ಮತ್ತು ಶೇರ್ ಕೂಡಿಸಿದ ಸಂಖ್ಯೆ, ವಾಟ್ಸಾಪ್‌ಗೆ ಹೊಸದಾಗಿ ಬಂದವರು ಮೂಲದ ಪ್ರಕಾರ, ಆರ್ಡರ್ ಅಥವಾ ದಾರಿ ಕೇಳಿದವರು, ಕೊನೆಗೆ "ಆ ವಾರ ಊರಲ್ಲಿ ಏನಿತ್ತು" ಅಂತ ಒಂದು ಕಾಲಂ.

ಆ ಕೊನೆಯ ಕಾಲಂ ಬಿಡಬೇಡಿ. ದುಗ್ಗಮ್ಮನ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ಆ ವಾರ ಊರಿಗೆ ಊರೇ ತುಂಬಿರುತ್ತದೆ, ಅಂಗಡಿಗೆ ಜನ ಬಂದದ್ದು ನಿಮ್ಮ ರೀಲ್‌ನಿಂದಲ್ಲ, ದುಗ್ಗಮ್ಮನಿಂದ. ಅದೇ ಸಂಖ್ಯೆಯನ್ನು ಮುಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ವ್ಯಾಪಾರ ಬಿದ್ದುಹೋಗಿದೆ ಅನ್ನಿಸುತ್ತದೆ. ಮದುವೆ ಸೀಸನ್, ಮೆಕ್ಕೆಜೋಳ ಮಾರಾಟವಾಗಿ ರೈತರ ಕೈಯಲ್ಲಿ ದುಡ್ಡು ಓಡಾಡುವ ದಿನಗಳು, ಪರೀಕ್ಷೆ, ಕ್ರಿಕೆಟ್ ಫೈನಲ್, ಎಲ್ಲವೂ ಗೆರೆಯನ್ನು ಏರಿಸುತ್ತವೆ, ಇಳಿಸುತ್ತವೆ.

ಸರಾಸರಿಯನ್ನು ನಂಬುವ ಮುಂಚೆ ಇದನ್ನು ನೋಡಿ. ಏಳು ರೀಲ್‌ಗಳ ವ್ಯೂಸ್ ಹೀಗಿದೆ ಅಂದುಕೊಳ್ಳಿ: 420, 510, 380, 460, 38,000, 450, 490. ಸರಾಸರಿ ತೆಗೆದರೆ ಸುಮಾರು 5,816. ಈ ಏಳರಲ್ಲಿ ಯಾವ ರೀಲಿಗಾದರೂ ಐದು ಸಾವಿರದ ಆಸುಪಾಸು ವ್ಯೂ ಬಂದಿದೆಯಾ? ಇಲ್ಲ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದ್ದು ತಗೊಂಡರೆ 460. ನಿಮ್ಮ ಪೇಜಿನ ನಿಜವಾದ ಮಟ್ಟ ಅದು. ಶೀಟ್ಸ್‌ನಲ್ಲಿ ಇದಕ್ಕೆ ಮೀಡಿಯನ್ ಅನ್ನುವ ಫಾರ್ಮುಲಾ ಇದೆ. ವೈರಲ್ ಆದ ಒಂದನ್ನು ಪಕ್ಕಕ್ಕೆ ಇಟ್ಟು, ಅದು ಯಾಕೆ ಓಡಿತು ಅಂತ ಬೇರೆ ಯೋಚಿಸಿ.

ನಿಮ್ಮದೇ ಸಮಯದ ಲೆಕ್ಕ

ಇಷ್ಟು ಹೊತ್ತು ಹೇಳಿದ್ದು ಪೋಸ್ಟ್ ಹಾಕುವವರಿಗೆ. ನೋಡುವವರ ಲೆಕ್ಕ ಇನ್ನೂ ಸರಳ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಇದೆ, ಐಫೋನಿನಲ್ಲಿ ಸ್ಕ್ರೀನ್ ಟೈಮ್. ಎರಡೂ 2018ರಲ್ಲಿ ಬಂದವು. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಅನ್ನೋದು ಎಲ್ಲರೂ ನೋಡುತ್ತಾರೆ. ನೀವು ಇನ್ನೆರಡನ್ನು ನೋಡಿ: ದಿನಕ್ಕೆ ಎಷ್ಟು ಸಲ ಫೋನ್ ಕೈಗೆತ್ತಿಕೊಂಡಿರಿ, ಯಾವ ಆ್ಯಪ್ ಎಷ್ಟು ನೋಟಿಫಿಕೇಶನ್ ಕಳಿಸಿತು. ನೋಟಿಫಿಕೇಶನ್ ಪಟ್ಟಿಯ ಮೇಲಿನ ಎರಡು ಆ್ಯಪ್‌ಗಳನ್ನು ಮ್ಯೂಟ್ ಮಾಡಿ ಮುಂದಿನ ವಾರ ಕೈಗೆತ್ತಿಕೊಂಡ ಸಂಖ್ಯೆ ಹೋಲಿಸಿ. ಹೊತ್ತಿನ ಮಿತಿ ಹಾಕಿಕೊಳ್ಳೋದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗನ್ನಿಸುತ್ತದೆ, ಮಿತಿ ಮುಗಿದಾಗ "ಇನ್ನೊಂದಿಷ್ಟು" ಅಂತ ಒತ್ತೋದು ಎಲ್ಲರಿಗೂ ಬರುತ್ತದೆ.

ಫೋನಿನ ಲೆಕ್ಕ ಆ ಫೋನಿನದ್ದು ಮಾತ್ರ. ಟಿವಿಯಲ್ಲಿ ನೋಡಿದ ಯೂಟ್ಯೂಬ್ ಅದಕ್ಕೆ ಕಾಣಲ್ಲ. ಅದಕ್ಕೆ ಯೂಟ್ಯೂಬ್ ಆ್ಯಪ್‌ನಲ್ಲೇ ಇರುವ ನೋಡಿದ ಸಮಯದ ಲೆಕ್ಕ ತೆರೆಯಿರಿ, ಅದು ವಾಚ್ ಹಿಸ್ಟರಿಯಿಂದ ಎಣಿಸುತ್ತದೆ. ಹಿಸ್ಟರಿ ಆಫ್ ಮಾಡಿದ್ದರೆ ಅಲ್ಲೂ ಸಿಗಲ್ಲ.

ಇನ್ನೂ ಆಳಕ್ಕೆ ಹೋಗುವ ಆಸೆ ಇದ್ದರೆ ನಿಮ್ಮ ಇಡೀ ದತ್ತಾಂಶವನ್ನೇ ತರಿಸಿಕೊಳ್ಳಬಹುದು. ಗೂಗಲ್‌ಗೆ ಗೂಗಲ್ ಟೇಕ್‌ಔಟ್. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಮಾಹಿತಿ ಮತ್ತು ಅನುಮತಿಗಳ ಭಾಗ. ಫೈಲ್ ರೂಪ ಕೇಳಿದಾಗ ಎಚ್‌ಟಿಎಂಎಲ್ ಆರಿಸಿ, ಬ್ರೌಸರ್‌ನಲ್ಲಿ ತೆರೆದು ಓದಬಹುದು. ಜೆಸನ್ ಪ್ರೋಗ್ರಾಂ ಬರೆಯುವವರಿಗೆ. ಅದೇ ಭಾಗದಲ್ಲಿ ಮೆಟಾದ ಹೊರಗಿನ ನಿಮ್ಮ ಚಟುವಟಿಕೆ ಅಂತ ಒಂದು ಪಟ್ಟಿ ಇದೆ. ಬೇರೆ ಆ್ಯಪ್, ಬೇರೆ ವೆಬ್‌ಸೈಟ್‌ಗಳು ನಿಮ್ಮ ಬಗ್ಗೆ ಮೆಟಾಗೆ ಕಳಿಸಿದ ಮಾಹಿತಿ ಅದು. ಸೀರೆ ನೋಡಿದ್ದು ಒಂದು ಕಡೆ, ಸೀರೆ ಜಾಹೀರಾತು ಬಂದದ್ದು ಇನ್ನೊಂದು ಕಡೆ ಯಾಕೆ ಅನ್ನೋದಕ್ಕೆ ಉತ್ತರ ಅಲ್ಲಿ ಸಿಗಬಹುದು. ಅದನ್ನು ಅಳಿಸಬಹುದು, ಮುಂದೆ ಸೇರದಂತೆ ಮಾಡಬಹುದು.

ಇವುಗಳಿಂದ ದೂರ ಇರಿ

ನಿಮ್ಮ ಪ್ರೊಫೈಲ್ ಯಾರು ನೋಡಿದರು ಅಂತ ತೋರಿಸುತ್ತೇವೆ ಅನ್ನುವ ಆ್ಯಪ್‌ಗಳು. ಇನ್‌ಸ್ಟಾಗ್ರಾಂ ಆ ಮಾಹಿತಿಯನ್ನು ಯಾರಿಗೂ ಕೊಡೋದೇ ಇಲ್ಲ, ಅಂದಮೇಲೆ ಅವರು ಎಲ್ಲಿಂದ ತರುತ್ತಾರೆ? ಅವರಿಗೆ ಬೇಕಿರೋದು ನಿಮ್ಮ ಪಾಸ್‌ವರ್ಡ್. ದುಡ್ಡು ಕೊಟ್ಟು ತರುವ ಫಾಲೋವರ್ಸ್ ಇನ್ನೂ ಕೆಟ್ಟದ್ದು, ಲೆಕ್ಕವನ್ನೇ ಕೆಡಿಸುತ್ತಾರೆ. ಅವರು ಏನನ್ನೂ ನೋಡಲ್ಲ, ಟಾಪ್ ಸಿಟೀಸ್‌ನಲ್ಲಿ ಹೆಸರೇ ಕೇಳದ ಊರುಗಳು ಬಂದು ಕೂರುತ್ತವೆ.

ಇಡೀ ನಿಮ್ಮ ಪ್ರಭಾವವನ್ನು ಒಂದೇ ಅಂಕಿಯಲ್ಲಿ ಹೇಳುತ್ತೇವೆ ಅನ್ನುವವರನ್ನೂ ನಂಬಬೇಡಿ. 2008ರಲ್ಲಿ ಶುರುವಾದ ಕ್ಲೌಟ್ ಅನ್ನೋದು ಎಲ್ಲರಿಗೂ 1ರಿಂದ 100ರ ತನಕ ಅಂಕ ಕೊಡುತ್ತಿತ್ತು, 2018ರ ಮೇ 25ಕ್ಕೆ ಬಾಗಿಲು ಹಾಕಿತು. ಸೋಷಿಯಲ್ ಬ್ಲೇಡ್ ಇನ್ನೂ ಇದೆ, ಬೇರೆ ಚಾನೆಲ್‌ಗಳ ಬಹಿರಂಗ ಸಂಖ್ಯೆ ಹೇಗೆ ಏರಿತು ಅಂತ ನೋಡೋಕೆ ಚೆನ್ನಾಗಿದೆ. ಅದು ತೋರಿಸುವ ಆದಾಯದ ಅಂದಾಜನ್ನು ಮಾತ್ರ ಪಕ್ಕದ ಮನೆಯವರ ಮುಂದೆ ಹೇಳಬೇಡಿ.

ಪೇಜ್ ನೋಡಿಕೊಳ್ಳೋಕೆ ಬೇರೆಯವರಿದ್ದರೆ

ಬಹಳ ಅಂಗಡಿಗಳಲ್ಲಿ ಪೇಜನ್ನು ಯಾರೋ ಹುಡುಗರಿಗೆ ತಿಂಗಳ ದುಡ್ಡಿಗೆ ಕೊಟ್ಟಿರುತ್ತಾರೆ, ಪಾಸ್‌ವರ್ಡ್ ಸಮೇತ. ಪಾಸ್‌ವರ್ಡ್ ಕೊಡಬೇಡಿ. ಫೇಸ್‌ಬುಕ್ ಪೇಜಿನ ಸೆಟ್ಟಿಂಗ್ಸ್‌ನಲ್ಲಿ ಪೇಜ್ ಆ್ಯಕ್ಸೆಸ್ ಇದೆ, ಅಲ್ಲಿ ಅವರ ಹೆಸರು ಸೇರಿಸಿ ಯಾವ ಯಾವ ಕೆಲಸಕ್ಕೆ ಅನುಮತಿ ಅಂತ ಆರಿಸಬಹುದು. ಪೋಸ್ಟ್ ಹಾಕುವವರಿಗೆ ಕಂಟೆಂಟ್, ಲೆಕ್ಕ ನೋಡುವವರಿಗೆ ಇನ್‌ಸೈಟ್ಸ್ ಮಾತ್ರ. ಪೂರ್ತಿ ಕಂಟ್ರೋಲ್ ನಿಮ್ಮ ಹತ್ತಿರವೇ ಇರಲಿ. ಯೂಟ್ಯೂಬ್ ಸ್ಟುಡಿಯೊದಲ್ಲೂ ಸೆಟ್ಟಿಂಗ್ಸ್, ಪರ್ಮಿಷನ್ಸ್ ಅಂತ ಹೋದರೆ ನೋಡೋಕೆ ಮಾತ್ರ ಅವಕಾಶ ಇರುವ ವ್ಯೂವರ್ ಪಾತ್ರ ಕೊಡಬಹುದು.

ಅವರು ತಿಂಗಳ ಕೊನೆಗೆ ರಿಪೋರ್ಟ್ ಅಂತ ಬಣ್ಣಬಣ್ಣದ ಪಿಡಿಎಫ್ ಕೊಟ್ಟರೆ ಮೂರು ವಿಷಯ ಕೇಳಿ. ಟಾಪ್ ಸಿಟೀಸ್‌ನ ಸ್ಕ್ರೀನ್‌ಶಾಟ್ ಎಲ್ಲಿ? ಜಾಹೀರಾತಿಗೆ ದುಡ್ಡು ಹಾಕಿ ಬಂದ ರೀಚ್ ಎಷ್ಟು, ತಾನಾಗೇ ಬಂದದ್ದು ಎಷ್ಟು? "ರೀಲ್" ಅಂತ ಮೆಸೇಜ್ ಹಾಕಿ ವಾಟ್ಸಾಪ್‌ಗೆ ಬಂದವರು ಎಷ್ಟು? ಮೂರನೆಯದಕ್ಕೆ ಉತ್ತರ ನಿಮ್ಮ ಹಾಳೆಯಲ್ಲೇ ಇರುತ್ತದೆ. ಮೊದಲೆರಡಕ್ಕೆ ಅವರು ತಡವರಿಸಿದರೆ ಮುಂದಿನ ತಿಂಗಳ ದುಡ್ಡು ಕೊಡುವ ಮುಂಚೆ ಬಿಸಿನೆಸ್ ಸೂಟ್ ತೆರೆದು ನೀವೇ ನೋಡಿ.